ಸೋದರಮಾವನ ಛತ್ರಿಯೂ ಭೂಮಿಯ ಜ್ವರವೂ

ಭೂಮಿಯ ತಾಪಮಾನ ಸದ್ಯ ಇಷ್ಟಕ್ಕೇ ನಿಂತಿದ್ದರೆ, ಅದರ ಕೀರ್ತಿಯಲ್ಲಿ ಒಂದು ಪಾಲು ನನ್ನ ಸೋದರಮಾವನಿಗೆ ಸಲ್ಲಬೇಕು. ವಿಜ್ಞಾನಿಗಳು ಇದನ್ನು ಒಪ್ಪಲಾರರು. ಪಾಪ, ಅವರಾರೂ ನನ್ನ ಮಾವನೊಡನೆ ಒಂದು ಬೇಸಿಗೆಯನ್ನು ಕಳೆದವರಲ್ಲ!

ದೊಡ್ಡಬಳ್ಳಾಪುರದ ಇಕ್ಕಟ್ಟಾದ ಓಣಿಯೊಂದರಲ್ಲಿ, ಶೀಟು ಹೊದಿಸಿದ ಮನೆಯಲ್ಲಿ ಅತ್ತೆಯೊಡನೆ ವಾಸಿಸುವ ಈ ಮಹನೀಯರ ಆಯುಧ ಒಂದು ಕಪ್ಪು ಛತ್ರಿ. ಅದಿರುವುದು ಮಳೆಗಲ್ಲ, ಬಿಸಿಲಿಗೂ ಅಲ್ಲ. ಪರರ ಮನೆಯ ಸ್ವಿಚ್ಚುಗಳನ್ನು ಆಫ್ ಮಾಡುವುದಕ್ಕೆ. ಕುಳಿತಲ್ಲಿಂದಲೇ ಛತ್ರಿಯ ತುದಿಯನ್ನು ಚಾಚಿ ಟಕ್ಕೆಂದು ಒತ್ತಿದರೆ ದೀಪವೋ ಫ್ಯಾನೋ ಟಿ.ವಿ.ಯೋ ಕಣ್ಣುಮುಚ್ಚಲೇಬೇಕು. “ಈ ಸ್ವಿಚ್ಚಿನ ಇನ್ನೊಂದು ತುದೀಲಿ ಎಲ್ಲೋ ಕಲ್ಲಿದ್ಲು ಉರೀತೈತೆ ಕಣಪ್ಪಾ” ಎಂಬುದು ಅವರ ಸಮರ್ಥನೆ. ಈ ಮಾತನ್ನು ಅಲ್ಲಗಳೆಯಲು ಯಾರಿಂದ ಸಾಧ್ಯ? ಆದರೆ ಓಣಿಯಾಚೆಯ ಮನೆಯ ಶಾಹಿದಾ ಖಾಲಾ ಕಿಟಕಿಯ ಬಳಿ ಕುಳಿತು ಹೊಲಿಗೆ ಯಂತ್ರದ ಸೂಜಿಗೆ ದಾರ ಪೋಣಿಸುತ್ತಿರುವ ಹೊತ್ತಿನಲ್ಲೇ ದೀಪ ಆರಿಸಬೇಕೆ? “ಲೈನ್‌ಮನ್ ಆದ್ರೂ ಒಂದ್ ಮಾತು ಹೇಳಿ ಕರೆಂಟ್ ತೆಗೀತಾನೆ, ಅಣ್ಣಾ” ಎಂದು ಆಕೆ ನಕ್ಕಿದ್ದರು.

ಒಮ್ಮೆ ಘಾಟಿಯ ದೇವಸ್ಥಾನಕ್ಕೆ ಹೊರಟ ಬಸ್ಸಿನಲ್ಲಿ ಮಾವನ ಪಕ್ಕದಲ್ಲಿ ಕುಳಿತಿದ್ದೆ. ಎಂಜಿನ್ ಚಾಲೂ ಇಟ್ಟೇ ಚಾಲಕರು ಚಹಾ ಕುಡಿಯಲು ಇಳಿದರು. ಮಾವ ಬಿಟ್ಟಾರೆಯೇ? ಅಂಗಡಿಯವರೆಗೂ ಹಿಂಬಾಲಿಸಿ, ಡೀಸೆಲ್ಲಿನ ಹೊಗೆ ಆಕಾಶದಲ್ಲಿ ಮಾಡುವ ಅನಾಹುತವನ್ನೆಲ್ಲ ವಿವರಿಸಿದರು. ಆಫ್ ಮಾಡಿದರೆ ಈ ಗಾಡಿ ಮತ್ತೆ ಹೊರಡುವುದಿಲ್ಲವೆಂದು ಚಾಲಕರು ಅಂಗಲಾಚಿದರು. ಕೊನೆಗೆ, ಚಹಾ ಆರಿಹೋಗುವ ಭಯಕ್ಕೋ ಏನೋ, ಬಂದು ಆಫ್ ಮಾಡಿದರು. ಗಾಡಿ ಅವರ ಮಾತನ್ನು ಅಕ್ಷರಶಃ ಉಳಿಸಿಕೊಟ್ಟಿತು! ಹಣ್ಣುಕಾಯಿಯ ಚೀಲಗಳನ್ನು ಸೀಟಿನ ಮೇಲಿಟ್ಟು ಭಕ್ತಾದಿಗಳೆಲ್ಲ ಇಳಿದು ಬಸ್ಸನ್ನು ನೂಕತೊಡಗಿದೆವು. ಮಾವ ಮಾತ್ರ ಛತ್ರಿ ಬೀಸುತ್ತ ಮುಂದೆ ನಡೆಯುತ್ತಿದ್ದರು. “ನೋಡ್ರಪ್ಪಾ, ಒಂದ್ ತೊಟ್ಟು ಡೀಸೆಲ್ ಇಲ್ದೆ ಹೆಂಗ್ ಹೋಗ್ತೈತೆ.”

ಇನ್ನು ನಾನು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾಲಗೆ ನನ್ನದು. ಭೂಮಿಯ ಬಿಸಿಯ ಬಗ್ಗೆ ಕರೆದಲ್ಲೆಲ್ಲ ಹೋಗಿ ಮಾತನಾಡುತ್ತೇನೆ. ಕರೆಯದಿದ್ದರೂ ಹೋಗುತ್ತೇನೆಂಬುದು ಮಿತ್ರರ ದೂರು. ಒಂದು ಸಭೆಯಲ್ಲಿ, ಕಲ್ಲಿದ್ದಲು ಮತ್ತು ಪೆಟ್ರೋಲಿನ ಹೊಗೆ ಭೂಮಿಗೆ ಹೇಗೆ ಕಂಬಳಿ ಹೊದಿಸುತ್ತಿದೆ, ಆ ಹೊಗೆಯನ್ನು ಹೀರಬೇಕಾದ ಮರಗಳನ್ನು ನಾವೇ ಹೇಗೆ ಉರುಳಿಸುತ್ತಿದ್ದೇವೆ ಎಂಬಲ್ಲಿಂದ ಆರಂಭಿಸಿ, “ಆದ್ದರಿಂದ ಬಂಧುಗಳೇ, ನಾವು ಮಾಡಬೇಕಾದದ್ದೇನು?” ಎಂದು ಧ್ವನಿಯೇರಿಸಿ ನಿಲ್ಲಿಸಿದೆ. ಮುಂದಿನ ಸಾಲಿನಿಂದ ಛತ್ರಿ ಎದ್ದಿತು. ಟ್ಯೂಬ್‌ಲೈಟು ಹೋಯಿತು, ಫ್ಯಾನು ಹೋಯಿತು, ಕಡೆಗೆ ನನ್ನ ಮೈಕೂ ಹೋಯಿತು. ಆ ದಿನದ ಅತಿ ದೀರ್ಘವಾದ ಚಪ್ಪಾಳೆ ಬಿದ್ದದ್ದು ಆಗಲೇ!

ಆದರೆ ಮಾವನ ಪರಮ ವೈರಿ ದೀಪವೂ ಅಲ್ಲ, ಮೈಕೂ ಅಲ್ಲ, ಏ.ಸಿ. ಯಂತ್ರ. ದೇವನಹಳ್ಳಿಯ ಹವಾನಿಯಂತ್ರಿತ ಛತ್ರವೊಂದರಲ್ಲಿ ಮದುವೆಗೆಂದು ಹೋದಾಗ ಅವರು ನನ್ನನ್ನು ಕೈಹಿಡಿದು ಹಿಂಭಾಗಕ್ಕೆ ಎಳೆದೊಯ್ದರು. ಅಲ್ಲಿ ಏ.ಸಿ.ಯ ಪೆಟ್ಟಿಗೆಗಳು ಸಾಲಾಗಿ ನಿಂತು ಬಿಸಿಗಾಳಿ ಕಾರುತ್ತಿದ್ದವು. ಆ ಗಾಳಿಗೇ ಮುಖಕೊಟ್ಟು ಹೆಂಗಸರು ಪಾತ್ರೆ ತಿಕ್ಕುತ್ತಿದ್ದರು. “ಒಳಗಿರೋರ ಸೆಖೇನೆಲ್ಲ ತಂದು ಹೊರಗಿರೋರ ಮುಖಕ್ಕೆ ಎಸೀತೈತೆ. ಇದನ್ನ ತಂಪು ಅಂತಾರಾ?” ಎಂದರು ಮಾವ. ಒಳಗೆ ಹೋಗಲೇ ಇಲ್ಲ. ತಾಳಿ ಕಟ್ಟುವಾಗಲೂ ಅಲ್ಲೇ ನಿಂತಿದ್ದು, ಗಟ್ಟಿಮೇಳ ಕೇಳಿಸಿದಾಗ ಕೈಯಲ್ಲಿದ್ದ ಅಕ್ಷತೆಯನ್ನು ಏ.ಸಿ. ಪೆಟ್ಟಿಗೆಯ ಮೇಲೆಯೇ ಎಸೆದರು. ಅದು ಆಶೀರ್ವಾದವೋ ಶಾಪವೋ ನಾನರಿಯೆ.

ಇಂಥವರ ಮನೆಗೇ ಈ ಬೇಸಿಗೆಯಲ್ಲಿ ಸಂಕಟ ಬಂತು. ಅತ್ತೆಯ ಹೃದಯ ಮೊದಲೇ ಬಲಹೀನ. ಶೀಟಿನ ಮನೆ ಮಧ್ಯಾಹ್ನಕ್ಕೆ ಕಾದ ಹೆಂಚು. ಒಮ್ಮೆ ತಲೆಸುತ್ತಿ ಬಿದ್ದು ಆಸ್ಪತ್ರೆ ಸೇರಿದ ಅತ್ತೆಯನ್ನು ಮನೆಗೆ ಕಳಿಸುವಾಗ ವೈದ್ಯರು ಖಚಿತವಾಗಿ ಹೇಳಿದರು: ಈ ಸೆಖೆ ಅವರ ಜೀವಕ್ಕೇ ಅಪಾಯ, ಒಂದು ಕೋಣೆಯನ್ನಾದರೂ ತಂಪಾಗಿಡಬೇಕು. ಮಾವ ಶೀಟಿನ ಮೇಲೆ ತೆಂಗಿನ ಗರಿ ಹಾಸಿದರು, ಗೋಣಿಚೀಲ ನೆನೆಸಿ ಹೊದಿಸಿದರು, ಸುಣ್ಣ ಬಳಿದರು. ಅತ್ತೆಯ ಏದುಸಿರು ತಗ್ಗಲಿಲ್ಲ.

ಮಾವನನ್ನು ಏ.ಸಿ.ಗೆ ಒಪ್ಪಿಸುವ ಹೊಣೆಯನ್ನು ಬಂಧುವರ್ಗ ನನಗೇ ವಹಿಸಿತು. ವಿಧಿಯ ಹಾಸ್ಯಪ್ರಜ್ಞೆ ನೋಡಿ! ಊರೂರಿಗೆ ಹೋಗಿ ಏ.ಸಿ.ಯನ್ನು ಖಂಡಿಸಿದವನು ಈಗ ಅದರ ವಕೀಲ. ದಾರಿಯುದ್ದಕ್ಕೂ ವಾದಗಳನ್ನು ಜೋಡಿಸಿಕೊಂಡೆ: ಭೋಗದ ತಂಪು ಬೇರೆ, ಪ್ರಾಣದ ತಂಪು ಬೇರೆ, ಕಡಿಮೆ ಮಾಡಬೇಕಾದವರು ಅನೇಕರಿದ್ದಾರೆ, ಅವರಲ್ಲಿ ಅತ್ತೆ ಮೊದಲಿಗರಲ್ಲ.

ಒಂದೂ ಬಳಕೆಗೆ ಬರಲಿಲ್ಲ. ಬಾಗಿಲು ತಳ್ಳಿದರೆ ಕೋಣೆ ತಣ್ಣಗಿತ್ತು. ಗೋಡೆಯ ಮೇಲೆ ಹೊಸ ಏ.ಸಿ. ಸಣ್ಣಗೆ ಗುನುಗುತ್ತಿತ್ತು. ಅತ್ತೆ ಬಹಳ ದಿನಗಳ ನಿದ್ದೆಯನ್ನು ಒಮ್ಮೆಗೇ ಮಾಡುತ್ತಿರುವಂತೆ ಮಲಗಿದ್ದರು. ಮಾವ ಕಾಣಲಿಲ್ಲ.

ಓಣಿಯ ಕಡೆಗೆ ಹೋಗಿ ನೋಡಿದೆ. ಹೊರಗಿನ ಪೆಟ್ಟಿಗೆ ನೇರವಾಗಿ ಶಾಹಿದಾ ಖಾಲಾರ ಕಿಟಕಿಯತ್ತ ಬಿಸಿ ಉಸಿರು ಬಿಡುತ್ತಿತ್ತು. ನಡುವೆ ಮಾವ, ಕಿಟಕಿಗೆ ಬೆನ್ನುಮಾಡಿ, ಬಿಸಿಗಾಳಿಗೆ ಅಡ್ಡಲಾಗಿ ಛತ್ರಿ ಬಿಚ್ಚಿ ಹಿಡಿದು ಕುರ್ಚಿಯಲ್ಲಿ ಕುಳಿತಿದ್ದರು. ಅಂಗಿ ಬೆವರಿನಲ್ಲಿ ತೊಯ್ದಿತ್ತು. ಖಾಲಾ ಒಳಗಿನಿಂದ, ತನಗೇನೂ ಸೆಖೆಯಿಲ್ಲ, ಒಳಗೆ ಹೋಗಿ ಅಣ್ಣಾ ಎಂದು ಬೇಡುತ್ತಿದ್ದರು.

“ನಮ್ಮನೆ ತಂಪಿಗೆ ಅವ್ರು ಯಾಕ್ ಬೇಯ್ಬೇಕು?” ಎಂದರು ಮಾವ, ನಾನು ಕೇಳುವ ಮೊದಲೇ.

ಛತ್ರಿಯಿಂದ ಬಿಸಿ ತಡೆಯಲಾಗದು, ಅದು ಸುತ್ತಿ ಬಳಸಿ ಹೋಗುತ್ತದೆ ಎಂಬ ಆಕ್ಷೇಪ ನನ್ನ ನಾಲಗೆಯ ತುದಿಯಲ್ಲಿತ್ತು. ಏ.ಸಿ.ಯನ್ನು ಒಂದು ಗಳಿಗೆ ನಿಲ್ಲಿಸಿ ಮಾತನಾಡೋಣವೆಂದು ಎರಡು ಹೆಜ್ಜೆ ಒಳಗಿಟ್ಟೆ. ಹಿಂದಿನಿಂದ ಮಾವನ ದನಿ ಬಂತು.

“ಅವಳು ಮಲಗವಳಾ?”

“ಒಳ್ಳೇ ನಿದ್ದೆ ಮಾವ.”

“ಹಂಗಾದ್ರೆ ಅದೊಂದನ್ನ ಆಫ್ ಮಾಡ್ಬೇಡ ಕಣೋ.”

ಖಾಲಾ ಕಿಟಕಿಯಿಂದ ತಮ್ಮ ಹೂವಿನ ಛತ್ರಿಯನ್ನು ನನ್ನ ಕಡೆ ಚಾಚಿದರು. ಇನ್ನೊಂದು ಕುರ್ಚಿ ಎಳೆದುಕೊಂಡು ಮಾವನ ಪಕ್ಕದಲ್ಲಿ ಕುಳಿತು, ನಾನೂ ಛತ್ರಿ ಬಿಚ್ಚಿದೆ.