ತೆನೆ ತಿಂದ ಕೋಳಿ, ಮಾತು ಬಿಟ್ಟ ಎರಡು ಮನೆ

ದೇವರನ್ನು ಪ್ರೀತಿಸುವುದು ಅಂಥ ಕಷ್ಟದ ಕೆಲಸವೇನಲ್ಲ. ದೇವರು ನಮ್ಮ ಅಡುಗೆಮನೆಗೆ ಬಂದು ಸಾರಿನ ಮುಚ್ಚಳ ತೆಗೆದು ಮೂಸಿ ನೋಡುವುದಿಲ್ಲ. ನಿನ್ನ ತಾಯಿಮನೆಯಲ್ಲಿ ಹೀಗೇ ಮಾಡುದಾ ಎಂದು ಕೇಳುವುದಿಲ್ಲ. ಕಷ್ಟವೆಲ್ಲ ಇರುವುದು ದೇವರು ನಮ್ಮ ಪಕ್ಕದಲ್ಲಿ ತಂದು ಕೂರಿಸಿದವರನ್ನು ಪ್ರೀತಿಸುವುದರಲ್ಲಿ. ಮಂಗಳೂರಿನ ಕಾನ್ವೆಂಟಿನಲ್ಲಿ ಓದುವಾಗ ಇದು ನನಗೆ ಗೊತ್ತಿರಲಿಲ್ಲ. ಅಲ್ಲಿ ಚಾರಿಟಿ, ಅಂದರೆ ನೆರೆಯವರ ಮೇಲಿನ ಪ್ರೀತಿ, ಕೆಟೆಕಿಸಂ ಎಂಬ ಧರ್ಮಪಾಠದ ತರಗತಿಯಲ್ಲಿ ಬಾಯಿಪಾಠ ಒಪ್ಪಿಸುವ ಸಂಗತಿ. ನನ್ನಷ್ಟು ಚೆನ್ನಾಗಿ ಒಪ್ಪಿಸುವವರು ಇರಲಿಲ್ಲ. ಇನ್ನು ಒಬಿಡಿಯನ್ಸ್. ಅದರಲ್ಲಂತೂ ನಾನು ಎಕ್ಸ್‌ಪರ್ಟ್. ನಮ್ಮ ಸಿಸ್ಟರ್ ಕಲಿಸಿದ್ದ ನಿಯಮ ಸರಳವಾಗಿತ್ತು: ಆಜ್ಞೆ ಕಿವಿಗೆ ಬಿದ್ದ ಕೂಡಲೇ ಏಳಬೇಕು, ಬರೆಯುತ್ತಿದ್ದ ಅಕ್ಷರ ಅರ್ಧವಾಗಿದ್ದರೂ ಸರಿ. ಗಂಟೆ ಹೊಡೆದರೆ ನಾನು ಇಂಗ್ಲಿಷಿನ ಎ ಬರೆಯುವಾಗ ಅದರ ಅಡ್ಡಗೆರೆ ಎಳೆಯದೆ ಓಡಿದವಳು.

ಇಂಥ ಸಂತಳನ್ನು ಐವತ್ತರ ದಶಕದ ಕೊನೆಯಲ್ಲಿ ಪುತ್ತೂರಿಗೂ ಸವಣೂರಿಗೂ ನಡುವಿನ ಒಂದು ಬೇಸಾಯದ ಮನೆಗೆ ಮದುವೆ ಮಾಡಿ ಕಳಿಸಿದರು. ನನ್ನ ಯಜಮಾನರು ಶಾಲೆಯ ಮಾಸ್ತರರು, ಶಾಂತ ಸ್ವಭಾವ, ಹಸಿವಾದಾಗ ಮಾತ್ರ ತತ್ತ್ವಜ್ಞಾನಿ. ಮಾವ ತೀರಿಕೊಂಡಿದ್ದರು. ಮನೆಯ ಯಜಮಾನಿಕೆ ಅತ್ತೆಯದ್ದು. ನಮ್ಮ ಕೊಂಕಣಿಯಲ್ಲಿ ಅತ್ತೆಗೆ ಮಾಂಯ್ ಎನ್ನುತ್ತೇವೆ. ಅಂಗಳದ ಆಚೆ ಬದಿಗೆ ಇನ್ನೊಂದು ಮನೆ. ಅಲ್ಲಿ ಮಾವನ ತಮ್ಮನ ಹೆಂಡತಿ ಕಾರ್ಮಿನ್, ನನಗೆ ಚಿಕ್ಕ ಮಾಂಯ್. ಆಕೆಯೂ ವಿಧವೆ. ಮಗ ಬೊಂಬಾಯಿಯ ಹಡಗುಕಟ್ಟೆಯಲ್ಲಿ ಕೆಲಸಕ್ಕಿದ್ದ. ಅಂಗಳ ಒಂದೇ, ಬಾವಿ ಒಂದೇ. ಮಾತು ಮಾತ್ರ ನಾನು ಕಾಲಿಡುವ ಮೊದಲೇ ನಿಂತುಹೋಗಿತ್ತು.

ಕಾರಣ ಒಂದು ಕೋಳಿ. ಕೆಂಪು ಬಣ್ಣದ, ಅಹಂಕಾರದ ಕುತ್ತಿಗೆಯ, ಚಿಕ್ಕ ಮಾಂಯ್ ಸಾಕಿದ ಕೋಳಿ. ಅದು ಉಣ್ಣುವುದು ಅಲ್ಲಿ, ಮಲಗುವುದು ಅಲ್ಲಿ, ಮೊಟ್ಟೆಯಿಡುವುದು ನಮ್ಮ ಬೈಹುಲ್ಲಿನ ರಾಶಿಯಲ್ಲಿ. ಹುಲ್ಲು ನಮ್ಮದಾದ ಮೇಲೆ ಮೊಟ್ಟೆಯೂ ನಮ್ಮದು ಎಂದು ಮಾಂಯ್. ಹಾಗಾದರೆ ಇಗರ್ಜಿಯಲ್ಲಿ ಹೆರಿಗೆಯಾದರೆ ಮಗು ಪಾದ್ರಿಗಳದ್ದಾ ಎಂದು ಚಿಕ್ಕ ಮಾಂಯ್. ವಾದ ಇಷ್ಟು ಮೇಲಕ್ಕೆ ಹೋದ ಮೇಲೆ ಕೆಳಗಿಳಿಯಲು ಇಬ್ಬರಿಗೂ ಏಣಿ ಸಿಗಲಿಲ್ಲ. ಸಂಜೆ ಎರಡೂ ಮನೆಗಳಲ್ಲಿ ಜಪಮಾಲೆ ಶುರುವಾಗುತ್ತಿತ್ತು. ಆ ಮನೆಯವರ ಪ್ರಾರ್ಥನೆ ದೇವರಿಗೆ ಮೊದಲು ತಲುಪಿಬಿಟ್ಟರೆ ಎಂಬ ಭಯಕ್ಕೆ ಇಬ್ಬರೂ ಸ್ವರ ಏರಿಸುತ್ತಿದ್ದರು. ತಪ್ಪು ಮಾಡಿದವರನ್ನು ನಾವೂ ಕ್ಷಮಿಸುವ ಮಾತು ಬಂದಾಗ ಮಾತ್ರ ಮಾಂಯ್‌ಗೆ ಒಂದು ಕೆಮ್ಮು. ಆಚೆ ಮನೆಯಲ್ಲಿ ಅದೇ ಹೊತ್ತಿಗೆ ಪಾತ್ರೆ ಬೀಳುವ ಸದ್ದು.

ಹೀಗಿರುವಾಗ ಸೆಪ್ಟೆಂಬರಿನ ತೆನೆಹಬ್ಬ ಬಂತು. ಮರಿಯಮ್ಮನವರ ಜನ್ಮದಿನ. ಅಂದು ಇಗರ್ಜಿಯಲ್ಲಿ ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಗೊಂದು ಹಿಡಿ ಕೊಡುತ್ತಾರೆ. ಅದನ್ನು ಮನೆಯ ದೇವರ ಪೀಠದ ಮುಂದಿಟ್ಟು ಪ್ರಾರ್ಥಿಸಿ, ಕಾಳು ಬಿಡಿಸಿ ಅರೆದು ಪಾಯಸಕ್ಕೆ ಹಾಕಿ, ಕುಟುಂಬದವರೆಲ್ಲ ಒಟ್ಟಿಗೆ ಕೂತು ಮೊದಲು ಅದನ್ನು ಉಂಡ ಮೇಲೆಯೇ ಊಟ. ಬಾಳೆಲೆ, ಕೆಸುವಿನ ದಂಟು, ಹರಿವೆ, ಬೆಂಡೆ, ಅಂಬಟೆ, ಮೀನಿಲ್ಲ, ಮಾಂಸವಿಲ್ಲ. ಹೊಸತು ಬಾಯಿಗೆ ಬೀಳದೆ ಬೇರೇನೂ ಬಾಯಿಗೆ ಬೀಳುವಂತಿಲ್ಲ. ಅದೂ ಪರಮಪ್ರಸಾದ ತೆಗೆದುಕೊಳ್ಳಲೆಂದು ಬೆಳಗಿನಿಂದ ನೀರು ಕಾಫಿ ಬಿಟ್ಟವರು ನಾವು. ಪುತ್ತೂರಿನ ಇಗರ್ಜಿಯಿಂದ ನಡೆದು ಮನೆ ಮುಟ್ಟುವಾಗ ನನ್ನ ಹೊಟ್ಟೆಯೊಳಗೆ ಕ್ವಾಯರ್ ಹಾಡುತ್ತಿತ್ತು.

ತೆನೆಯನ್ನು ಹರಿವಾಣದಲ್ಲಿಟ್ಟು ಪೀಠದ ಮುಂದೆ ಇರಿಸಿ ಮಾಂಯ್ ನನಗೆ ಇಲ್ಲಿಂದ ಏಳಬೇಡ, ನೋಡಿಕೊ ಎಂದರು. ಕೂತೆ. ಸ್ವಲ್ಪ ಹೊತ್ತಿನಲ್ಲಿ ಅದೇ ಮಾಂಯ್ ಅಡುಗೆಮನೆಯಿಂದ, ಪಾಯಸ ತಳ ಹಿಡಿಯುತ್ತದೆ, ಬೇಗ ಬಾ ಎಂದು ಕೂಗಿದರು. ಬೇರೆ ಯಾವ ಹುಡುಗಿಯಾದರೂ ಯಾವುದನ್ನು ಕೇಳಲಿ ಎಂದು ಒಂದು ಗಳಿಗೆ ಯೋಚಿಸುತ್ತಿದ್ದಳು. ನಾನು ಯೋಚಿಸಲಿಲ್ಲ. ಅಡ್ಡಗೆರೆ ಎಳೆಯದೆ ಓಡಿದೆ. ಮರಳಿ ಬರುವಾಗ ಪೀಠದ ಮೇಲೆ, ಮೇಣದಬತ್ತಿಗಳ ನಡುವೆ, ಆ ಕೆಂಪು ಕೋಳಿ ಸ್ವರ್ಗಕ್ಕೆ ಹೊರಟ ಹಾಗೆ ರೆಕ್ಕೆ ಬಿಚ್ಚಿ ನಿಂತಿತ್ತು. ಹರಿವಾಣದಲ್ಲಿ ಬರೀ ಹುಲ್ಲು.

ಕೋಳಿಯನ್ನು ನಾನು ಹಿಡಿದೆ. ಹಿಡಿದ ಮೇಲೆ ಏನು ಮಾಡುವುದೆಂದು ಯಾರಿಗೂ ತೋಚಲಿಲ್ಲ. ಇಗರ್ಜಿಗೆ ಮತ್ತೆ ನಡೆದು ಹೋದರೂ ತೆನೆ ಎಲ್ಲ ಹಂಚಿ ಆಗಿರುತ್ತದೆ. ಮಾಂಯ್ ಎಲೆ ಹಾಕುವುದು ಬೇಡ ಎಂದು ಕಂಬಕ್ಕೆ ಒರಗಿ ಕೂತರು. ಈ ಮನೆಗೆ ಬಂದ ಲಾಗಾಯ್ತು ತಾನು ಹೊಸತು ಉಣ್ಣದ ವರ್ಷ ಇಲ್ಲ, ಗಂಡ ಸತ್ತ ವರ್ಷವೂ ಮಕ್ಕಳನ್ನು ಕೂರಿಸಿಕೊಂಡು ಉಂಡಿದ್ದೇನೆ ಎಂದು ಮೆಲ್ಲಗೆ ಹೇಳಿದರು. ಅಷ್ಟು ಹೊತ್ತು ಒಳಗೇ ತಡೆದುಕೊಂಡಿದ್ದ ನನ್ನ ನಗು ಆಗ ನಿಂತಿತು. ಯಜಮಾನರ ಹಸಿವು ಅಷ್ಟರಲ್ಲಿ ತತ್ತ್ವಜ್ಞಾನಕ್ಕೆ ತಿರುಗಿತ್ತು. ಆಶೀರ್ವಾದದ ಕಾಳು ಕೋಳಿಯ ಒಳಗೆ ಇದೆಯಷ್ಟೆ, ಕೋಳಿಯನ್ನು ಸಾರು ಮಾಡಿ ಉಂಡರೆ ಕಾಳನ್ನು ಉಂಡ ಹಾಗೆಯೇ ಅಲ್ಲವೇ ಎಂದರು. ಮಾಂಯ್ ಅವರನ್ನು ನೋಡಿದ ನೋಟಕ್ಕೆ ಅವರು ಎದ್ದು ಬಾವಿಕಟ್ಟೆಗೆ ಹೋಗಿ ಕೂತರು.

ಆಶೀರ್ವಾದದ ತೆನೆ ಹತ್ತಿರದಲ್ಲಿ ಇದ್ದದ್ದು ಒಂದೇ ಕಡೆ. ಅದು ಎಲ್ಲರಿಗೂ ಗೊತ್ತಿತ್ತು, ಹೇಳುವವರು ಇರಲಿಲ್ಲ. ಕೊನೆಗೆ ಮಾಂಯ್ ನನ್ನನ್ನು ಕರೆದು, "ಹೋಗಿ ಅವಳ ಕೋಳಿ ನಮ್ಮ ತೆನೆ ತಿಂದಿದೆ ಅಂತ ಹೇಳು. ಎಂತದ್ದೂ ಕೇಳ್ಬೇಡ. ಹೇಳಿ ಸುಮ್ಮನೆ ನಿಂತ್ಕೊ" ಎಂದರು.

ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಅಂಗಳ ದಾಟಿದೆ. ಚಿಕ್ಕ ಮಾಂಯ್ ಎರಡು ಎಲೆ ಹಾಕಿ ಒಬ್ಬರೇ ಕೂತಿದ್ದರು. ಒಂದು ತನಗೆ, ಇನ್ನೊಂದು ಬೊಂಬಾಯಿಯ ಮಗನಿಗೆ. ಬಡಿಸಿರಲಿಲ್ಲ. ಒಬ್ಬರೇ ಕೂತು ಹೊಸತು ಉಣ್ಣುವುದು ಹೇಗೆಂದು ಬಹುಶಃ ಅವರಿಗೆ ತಿಳಿಯದೆ ಇರಬೇಕು. ನಾನು ಹೇಳಬೇಕಾದ್ದು ಹೇಳಿ ಸುಮ್ಮನೆ ನಿಂತೆ. ಅವರು ಕೋಳಿಯನ್ನು ನೋಡಿದರು, ನನ್ನನ್ನು ನೋಡಿದರು.

"ಹೊಸತು ಉಂಡದ್ದಲ್ವಾ ಅದು? ಯಾವ ಮನೆಯ ಹೊಸತು ಉಂಡರೋ ಆ ಮನೆಯವರೇ ಆಗುದು. ಇನ್ನು ಅದು ನಿಮ್ಮದೇ ಕೋಳಿ, ಕೊಂಡೋಗು. ತೆನೆ ನನ್ನಲ್ಲಿ ಉಂಟು. ಆದ್ರೆ ಹೊಸತನ್ನು ಹೊಸ್ತಿಲು ದಾಟಿಸಿ ಕೊಡ್ಲಿಕ್ಕಿಲ್ಲ. ಬೇಕಾದವರು ಇಲ್ಲಿ ಬಂದು ಉಣ್ಬೇಕು."

ಒಂದಕ್ಷರ ಬಿಡದೆ ಹೋಗಿ ಒಪ್ಪಿಸಿದೆ. ಮಾಂಯ್ ಸೆಟೆದು ಕೂತರು. ತಾನು ಹಿರಿಯವಳು, ತೆನೆಹಬ್ಬಕ್ಕೆ ಕಿರಿಯವರು ಹಿರಿಯ ಮನೆಗೆ ಬರುವುದು ಕ್ರಮ ಎಂದು ಹೇಳಿ ಕಳಿಸಿದರು. ಕೋಳಿಯೊಂದಿಗೆ ಮತ್ತೆ ಹೋದೆ. ಕರೆದರೆ ಬರುವ ಎಂದು ಉತ್ತರ ಬಂತು. ಬಂದರೆ ಕರೆಯುವ ಎಂದು ಮರು ಉತ್ತರ. ಹೀಗೆ ಎಷ್ಟು ಸಲ ನಡೆದೆನೋ. ಎರಡೂ ಮನೆಯಲ್ಲಿ ಪಾಯಸದ ಪರಿಮಳ, ನಡುವೆ ನಾನು, ಕಂಕುಳಲ್ಲಿ ಹೊಟ್ಟೆ ತುಂಬಿದ ಒಂದೇ ಒಂದು ಪ್ರಾಣಿ. ಅದಕ್ಕೆ ನಿದ್ದೆ ಬರುತ್ತಿತ್ತು. ಅದು ತೂಕಡಿಸಿ ತಲೆಯನ್ನು ನನ್ನ ತೋಳಿನ ಮೇಲೆ ಇಟ್ಟದ್ದೇ ಸೈ, ನನ್ನೊಳಗೆ ಏನೋ ಕಳಚಿತು. ಅಂಗಳದ ನಟ್ಟನಡುವೆ ಹಬ್ಬದ ಸೀರೆಯಲ್ಲೇ ಧೊಪ್ಪನೆ ಕೂತುಬಿಟ್ಟೆ. ನಗು ಉಕ್ಕಿತು. ತಡೆಯಲು ಹೋದಷ್ಟೂ ಹೆಚ್ಚಾಯಿತು, ಕಣ್ಣಲ್ಲಿ ನೀರು ಬಂತು. ಈಚೆಯಿಂದ ಮಾಂಯ್ ಎಂತ ಹೇಳಿದಳು ಎಂದು ಕೇಳಿದರು. ಆಚೆಯಿಂದ ಚಿಕ್ಕ ಮಾಂಯ್, ನಿನ್ನ ಮಾಂಯ್ ಎಂತ ಹೇಳ್ತಾಳೆ ಎಂದು ಕೇಳಿದರು.

"ನಾನು ಇನ್ನು ಎಲ್ಲಿಗೂ ಹೋಗುದಿಲ್ಲ" ಎಂದೆ. "ಕೋಳಿಯೂ ಬರುದಿಲ್ಲ."

ಹುಟ್ಟಿದ ಮೇಲೆ ನಾನು ಮೀರಿದ ಮೊದಲ ಆಜ್ಞೆ. ಆಕಾಶ ಬೀಳಲಿಲ್ಲ. ಬದಲಿಗೆ ಎರಡು ಬಾಗಿಲುಗಳಿಂದ ಇಬ್ಬರು ವಿಧವೆಯರು ಒಟ್ಟಿಗೆ ಇಳಿದು ಬಂದು ನನ್ನ ತಲೆಯ ಮೇಲೆ ನಿಂತರು.

"ಎಂತ ಅಕ್ಕ, ಈ ಹುಡುಗಿಗೆ ಮಂಡೆ ಸಮ ಉಂಟಾ?" ಎಂದರು ಚಿಕ್ಕ ಮಾಂಯ್.

"ಕಾನ್ವೆಂಟಿನವರು ಹೀಗೇ, ಕಾರ್ಮಿನ್. ಓದಿ ಓದಿ ಹಾಳಾದದ್ದು. ಮೊನ್ನೆ ಸಾರಿಗೆ ಹುಳಿ ಹಾಕ್ಲಿಕ್ಕೇ ಮರ್ತಿದ್ದಾಳೆ ಮಾರಾಯ್ತಿ."

"ನನಗೆ ಪರಿಮಳದಲ್ಲೇ ಗೊತ್ತಾಗಿದೆ."

ಅಷ್ಟು ದಿನ ನನ್ನ ಸಾರನ್ನು ಅಂಗಳದಾಚೆಯಿಂದಲೂ ಒಬ್ಬರು ಮೂಸುತ್ತಿದ್ದರೆಂಬುದು ನನಗೆ ಆಗಲೇ ತಿಳಿದದ್ದು. ಕೂತಲ್ಲಿಂದ ಮೇಲೆ ನೋಡಿದೆ. ಇಬ್ಬರ ಮುಖದಲ್ಲೂ ಎಂಥ ಸಮಾಧಾನ! ನಾನು ಸೀರೆ ಉಡುವ ಚಂದದಿಂದ ಹಿಡಿದು ತೆಂಗಿನಕಾಯಿ ತುರಿಯುವ ರೀತಿಯವರೆಗೆ ನನ್ನ ಕುಂದುಗಳನ್ನೆಲ್ಲ ಹಂಚಿಕೊಳ್ಳುತ್ತ ಹಂಚಿಕೊಳ್ಳುತ್ತ ಅವರು ನಮ್ಮ ಮನೆಯ ಮೆಟ್ಟಿಲೇರಿದರು. ಹೋಗುವ ದಾರಿಯಲ್ಲಿ ಚಿಕ್ಕ ಮಾಂಯ್ ತಿರುಗಿ, ಕೂತದ್ದು ಸಾಕು, ನಮ್ಮಲ್ಲಿಂದ ತೆನೆಯ ಹರಿವಾಣವನ್ನೂ ಪಾಯಸದ ಪಾತ್ರೆಯನ್ನೂ ತೆಗೆದುಕೊಂಡು ಬಾ ಎಂದರು. ಹೊಸ್ತಿಲು ದಾಟಿಸಬಾರದ ತೆನೆ ಹಾಗೆ ಹೊಸ್ತಿಲು ದಾಟಿತು. ಕ್ರಮ ಎಲ್ಲಿ ಹೋಯಿತೆಂದು ಕೇಳುವಷ್ಟು ಬುದ್ಧಿಗೇಡಿ ನಾನಲ್ಲ. ಎರಡು ಪಾಯಸವನ್ನೂ ಒಂದೇ ಪಾತ್ರೆಗೆ ಸುರಿದು ಹೊಸಕ್ಕಿ ಬೆರೆಸಿ, ಬೊಂಬಾಯಿಯ ಮಗನ ಎಲೆಯನ್ನೂ ನಮ್ಮ ಸಾಲಿನಲ್ಲೇ ಹಾಕಿ, ಉಂಡೆವು. ಮಾಂಯ್ ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಒರೆಸಿಕೊಂಡರು, ಹೊಗೆಗೆ ಎಂದರು. ಒಲೆ ಆಗ ಆರಿತ್ತು. ಕೋಳಿಯನ್ನು ಆಮೇಲೆ ಯಾರೂ ಕೊಯ್ಯಲಿಲ್ಲ. ಹೊಸತು ಉಂಡವರನ್ನು ಕೊಯ್ಯಲಿಕ್ಕಿಲ್ಲ ಎಂದು ಇಬ್ಬರೂ ಸೇರಿ ತೀರ್ಪು ಕೊಟ್ಟರು. ಅದು ಮುದಿಯಾಗಿ, ಎರಡೂ ಮನೆಗಳಲ್ಲಿ ಅಧಿಕಾರ ಚಲಾಯಿಸಿ, ತನ್ನಷ್ಟಕ್ಕೆ ಸತ್ತಿತು.

ಅಂದು ಸಂಜೆ ಜಪಮಾಲೆ ಒಂದೇ ಮನೆಯಲ್ಲಿ, ಮೆಲ್ಲನೆಯ ಸ್ವರದಲ್ಲಿ. ಕೆಮ್ಮು ಇರಲಿಲ್ಲ. ಮುಗಿದ ಮೇಲೆ ಕಿರಿಯರು ಹಿರಿಯರ ಮುಂದೆ ಕೈಮುಗಿದು ಬೆಸಾಂವ್, ಅಂದರೆ ಆಶೀರ್ವಾದ, ಬೇಡುವುದು ನಮ್ಮಲ್ಲಿ ರೂಢಿ. ಮಾಂಯ್ ಬಳಿಗೆ ಹೋದೆ, ಆಮೇಲೆ ಚಿಕ್ಕ ಮಾಂಯ್ ಬಳಿಗೆ. ನನ್ನ ತಂಟೆಯಿಂದ ಕುಟುಂಬ ಒಂದಾಯಿತಲ್ಲ, ಒಂದು ಒಳ್ಳೆಯ ಮಾತು ಬಂದೀತು ಎಂದು ತಲೆ ತುಸು ಹೆಚ್ಚೇ ಬಾಗಿಸಿದೆ. ಚಿಕ್ಕ ಮಾಂಯ್ ನನ್ನ ನೆತ್ತಿಯ ಮೇಲೆ ಕೈಯಿಟ್ಟು, "ದೇವರು ಒಳ್ಳೇದು ಮಾಡ್ಲಿ. ನಾಳೆ ಬೇಗ ಏಳು, ನಮ್ಮ ಒಲೆಯ ಬೂದಿಯೂ ತೆಗೀಲಿಕ್ಕುಂಟು" ಎಂದರು.

ಒಬ್ಬ ಅತ್ತೆಯನ್ನೇ ಪ್ರೀತಿಸಲು ಕಲಿಯುತ್ತಿದ್ದವಳಿಗೆ ದೇವರು ಮೇಲಿನ ತರಗತಿಗೆ ಪ್ರಮೋಷನ್ ಕೊಟ್ಟು ಇನ್ನೊಬ್ಬರನ್ನು ಕೊಟ್ಟ. ಇಬ್ಬರೂ ಈಗಿಲ್ಲ. ನಾನೀಗ ಅವರಿಗಿಂತ ಮುದುಕಿ. ಆ ತರಗತಿಯಲ್ಲಿ ನಾನು ಪಾಸಾದೆನೋ ಇಲ್ಲವೋ ಮೇಲೆ ಹೋದ ಮೇಲೆಯೇ ತಿಳಿಯಬೇಕು. ಹೋಗಲು ನನಗೆ ಅವಸರವಿಲ್ಲ. ಅಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ನನ್ನ ದಾರಿ ಕಾಯುತ್ತಿರುತ್ತಾರೆ.