ಮಾವನ ಕೈ ಎಷ್ಟು ಡಿಗ್ರಿ?

ಹೊನ್ನಾಳಿಯಲ್ಲಿ ಬೇಕರಿ ಇಟ್ಟಿರುವ ನಮ್ಮ ಸೋದರಮಾವ ಅಕ್ಕತಂಗಿಯರ ಏಳು ಮಕ್ಕಳನ್ನೂ ದಿನಾ ಬೆಂಕಿಯ ಮುಂದೆ ಸಾಲಾಗಿ ನಿಲ್ಲಿಸುತ್ತಾರೆ! ಇಲ್ಲದಿದ್ದರೆ ಅವರ ಬನ್ನು ಬೇಯುವುದಿಲ್ಲ. ಗಾಬರಿಯಾಗಬೇಡಿ, ನಿಲ್ಲಿಸುವುದು ನಮ್ಮ ಹೆಸರುಗಳನ್ನು ಮಾತ್ರ.

ಮಾವ ಕಟ್ಟಿಗೆ ಭಟ್ಟಿಯ ಬಾಯಿಗೆ ಬಲಗೈ ಒಡ್ಡಿ, ಉಸಿರಿಗೊಂದರಂತೆ, ಹುಟ್ಟಿದ ಕ್ರಮದಲ್ಲಿ ನಮ್ಮ ಹೆಸರು ಹೇಳುತ್ತಾರೆ. "ಮಂಜ... ಸುಮಿ... ರಾಜ... ಗೀತಿ... ಬಸ್ಯಾ... ಕಾವ್ಯಾ... ಚಿನ್ನಿ." ರಾಜನ ಹೊತ್ತಿಗೆ ಕೈ ಸುಟ್ಟು ಹಿಂದೆ ಬಂದರೆ ಅದು ಬನ್ನಿನ ಕಾವು. ಬಸ್ಯಾನವರೆಗೆ ತಡೆದರೆ ಖಾರ ಬಿಸ್ಕತ್ತಿನ ಕಾವು. ಕಾವ್ಯಾ ಬಂದಳೆಂದರೆ ರಸ್ಕು ಒಣಗಿಸಬಹುದು. ಚಿನ್ನಿ ನಾನು, ಎಲ್ಲರಿಗಿಂತ ಕಿರಿಯವಳು. ನನ್ನ ಹೆಸರಿನವರೆಗೆ ಕೈ ತಡೆಯಬೇಕಾದರೆ ಭಟ್ಟಿ ಆರಿ ಅದರಲ್ಲಿ ಬೆಕ್ಕು ಮಲಗಿರಬೇಕು! ಹಾಗಾಗಿ ಭಟ್ಟಿಯ ಮುಂದೆ ನನ್ನ ಹೆಸರು ಒಮ್ಮೆಯೂ ಬಂದದ್ದಿಲ್ಲ. ಚಿಕ್ಕಂದಿನಲ್ಲಿ ಇದಕ್ಕಾಗಿ ಅತ್ತಿದ್ದೇನೆ ಕೂಡ.

ಒಮ್ಮೆ ಜಗಳೂರಿನಲ್ಲಿ ಮದುವೆ. ಅಡುಗೆಯವರು ಬಾಣಲೆಯಲ್ಲಿ ಬೂಂದಿ ಕರಿಯುತ್ತಿದ್ದರು. ಮಾವ ಸುಮ್ಮನಿರುತ್ತಾರೆಯೇ? ಹೋಗಿ ಎಣ್ಣೆಯ ಮೇಲೆ ಕೈ ಹಿಡಿದು, "ಸುಮೀನೇ ದಾಟವಲ್ಲಳು, ಉರಿ ಕಮ್ಮಿ ಮಾಡ್ರಿ!" ಎಂದರು. ಅಡುಗೆಯವರು ಬಾಗಿಲ ಕಡೆ ನೋಡಿದರು. ಸುಮಿ ಅಕ್ಕ ಊಟದ ಪಂಕ್ತಿಯಿಂದ ಎದ್ದು ಎಂಜಲು ಕೈಯಲ್ಲೇ ಓಡಿ ಬಂದು, "ನಾನೇನು ಮಾಡಿದೆ ಮಾವ?" ಎಂದು ಕೇಳಿದಳು.

ಇಂಥವರ ಕೈಗೆ ನನ್ನ ಎಸ್ಸೆಸ್ಸೆಲ್ಸಿ ಪ್ರಾಜೆಕ್ಟ್ ಸಿಕ್ಕಿತು. ನಾನಿರುವುದು ನ್ಯಾಮತಿಯಲ್ಲಿ. ವಿಜ್ಞಾನದ ಮೇಡಂ ವಿಷಯ ಹಂಚುವಾಗ, "ನಿಮ್ಮ ಮಾವಂದು ಬೇಕರಿ ಅಲ್ವೇನೇ? ಬನ್ನು ಹೇಗೆ ಬೇಯುತ್ತೆ ಅಂತ ಬರಿ. ಐದು ಶನಿವಾರ ಹೋಗಿ ಅಳೆದು ಕೋಷ್ಟಕ ಮಾಡು. ಗ್ರಾಂ, ನಿಮಿಷ, ಡಿಗ್ರಿ ಮೂರೂ ಬೇಕು. ಒಂದಿಲ್ಲದಿದ್ರೂ ವಾಪಸ್!" ಎಂದರು. ಆಂತರಿಕ ಅಂಕ!

ಮೊದಲ ಶನಿವಾರ ಶಾಲೆ ಬಿಟ್ಟವಳೇ ಬಸ್ಸು ಹತ್ತಿ ಹೊನ್ನಾಳಿಗೆ ಹೋದೆ.

"ಮಾವ, ಹಿಟ್ಟಿಗೆ ನೀರು ಎಷ್ಟು ಹಾಕ್ತೀರಿ?"

"ಅದು ಕೇಳಿದಷ್ಟು."

"ಈಸ್ಟು?"

"ಚಳಿ ಇದ್ರೆ ಇಷ್ಟು, ಇಲ್ದಿದ್ರೆ ಅಷ್ಟು."

"ಎಷ್ಟೊತ್ತು ಉಬ್ಬಾಕೆ ಬಿಡ್ತೀರಿ?"

"ನ್ಯಾಮತಿ ಬಸ್ಸು ಹೋಗಿ ವಾಪಸ್ ಬರೋತನಕ."

"ಬಸ್ಸು ಕೆಟ್ಟು ನಿಂತ್ರೆ?"

"ಅವತ್ತು ಬನ್ನು ಹುಳಿ! ಮೆತ್ತಗೆ ಮಾತಾಡು, ಹಿಟ್ಟು ಗಾಬರಿ ಆಗ್ತೈತೆ."

ಹಿಟ್ಟಿಗೆ ಗಾಬರಿಯಂತೆ! ನನ್ನ ಗಾಬರಿ ಕೇಳುವವರು ಯಾರು? ಗಲ್ಲಾದಲ್ಲಿ ಕೂತಿದ್ದ ಅತ್ತೆಗೆ ಕನಿಕರ ಬಂತು. "ಕೂಸು ಅಳೋಹಂಗೈತೆ, ಸರಿಯಾಗಿ ಹೇಳ್ರಿ" ಎಂದು ಗದರಿ ತಕ್ಕಡಿ ತೆಗೆದುಕೊಟ್ಟರು. ಗ್ರಾಂ ಸಿಕ್ಕಿತು. ನಿಮಿಷ ನನ್ನ ವಾಚಿನಲ್ಲಿತ್ತು. ಡಿಗ್ರಿಗೆಂದು ಮೇಡಂ ಮುಳ್ಳು ತಿರುಗುವ ಓವನ್ ಥರ್ಮಾಮೀಟರ್ ತರಿಸಿಕೊಟ್ಟಿದ್ದರು. ಅದನ್ನು ಭಟ್ಟಿಯೊಳಗೆ ಕೊಂಡಿಗೆ ನೇತುಹಾಕಿದೆ. ಮಾವ ಅದನ್ನು ಹೊಸ ಅಳಿಯನನ್ನು ನೋಡಿದ ಹಾಗೆ ಅನುಮಾನದಿಂದ ನೋಡಿದರು.

ಅವತ್ತು ಮಾವ ಕೈ ತೆಗೆದದ್ದು ಗೀತಿಗೆ. ಮುಳ್ಳು ಇನ್ನೂರ ಇಪ್ಪತ್ತು. ಬನ್ನಿಗೆ ರಾಜ ಅಲ್ಲವೇ? "ವಯಸ್ಸಾತು, ಕೈ ಗಟ್ಟಿ ಆಗೈತೆ" ಎಂದು ಬನ್ನು ಒಳಗಿಟ್ಟರು, ಸರಿಯಾಗೇ ಬೆಂದವು. ಎರಡನೆಯ ಶನಿವಾರ ಮುಳ್ಳು ಅಲ್ಲೇ ಇತ್ತು, ಹೆಸರು ಬಸ್ಯಾನಿಗೆ ಹೋಗಿತ್ತು. ಮೂರನೆಯ ವಾರ ಕಾವ್ಯಾ! ಡಿಗ್ರಿಯ ಪಕ್ಕ ಹೆಸರನ್ನೂ ಬರೆದಿಟ್ಟಿದ್ದೆ, ಒಂದೇ ಡಿಗ್ರಿಗೆ ಮೂವರು. ಕೋಷ್ಟಕ ನೋಡಿದರೆ ಮೇಡಂ ನಾನು ಮನೆಯಲ್ಲೇ ಕೂತು ಬರೆದೆ ಅನ್ನುವುದಿಲ್ಲವೇ? ವಾಪಸ್ಸಾಗುವಾಗ ಬಸ್ಸಿನಲ್ಲಿ ಪೆನ್ಸಿಲ್ಲಿನಿಂದ ಕಾವ್ಯಾಳನ್ನು ಅಳಿಸಿ ರಾಜ ಎಂದು ಬರೆದೆ. ಮತ್ತೆ ಹೆದರಿ ರಾಜನನ್ನು ಅಳಿಸಿದೆ. ಕಾಗದ ತೂತಾಯಿತು.

ನಾಲ್ಕನೆಯ ಶನಿವಾರ ಮಾವ ಕೈ ಒಡ್ಡಿದರು. ಮಂಜ, ಸುಮಿ, ರಾಜ, ಗೀತಿ, ಬಸ್ಯಾ, ಕಾವ್ಯಾ...

"ಚಿನ್ನಿ!"

ಹದಿನೈದು ವರ್ಷಕ್ಕೆ ನನ್ನ ಹೆಸರು ಬಂತು! ಚಪ್ಪಾಳೆ ತಟ್ಟಿಬಿಟ್ಟೆ. ಮಾವ ಕೈ ಹಿಂದೆಳೆಯದೆ, "ಭಟ್ಟಿ ತಣ್ಣಗಾಗೈತಲ್ಲ, ಇನ್ನೆರಡು ಕಟ್ಟಿಗೆ ಹಾಕ್ಬೇಕು" ಎಂದರು. ನಾನು ಒಳಗೆ ಬಗ್ಗಿ ಮುಳ್ಳು ನೋಡಿದೆ. ಇನ್ನೂರ ಅರವತ್ತು.

"ಮಾವ, ಜಾಸ್ತಿ ಐತೆ!"

"ನಿನ್ನ ಗಡಿಯಾರ ಕೆಟ್ಟೈತೆ. ಮೂವತ್ತು ವರ್ಷದ ಕೈ ಇದು!"

ಕಟ್ಟಿಗೆ ಹಾಕಿದರು. ಬನ್ನಿನ ಟ್ರೇ ಒಳಗೆ ಹೋಯಿತು, ಸ್ವಲ್ಪ ಹೊತ್ತಿಗೆ ಇದ್ದಿಲಾಗಿ ಹೊರಗೆ ಬಂತು. ಮಾವ ಹಸಿ ಕಟ್ಟಿಗೆಯನ್ನು ಬೈದರು, ಮೈದಾವನ್ನು ಬೈದರು, ಥರ್ಮಾಮೀಟರಿನ ದೃಷ್ಟಿ ತಾಕಿತು ಎಂದರು. ಕರಿ ಬನ್ನನ್ನು ನನ್ನತ್ತ ಚಾಚಿ, "ಇದನ್ನೂ ಬರ್ಕೊ" ಎಂದಾಗ ಅಂಗೈ ಕಂಡಿತು. ಬೆರಳ ಬುಡದಲ್ಲಿ ನಾಲ್ಕು ದೊಡ್ಡ ಬೊಬ್ಬೆ ಎದ್ದಿದ್ದವು, ಒಂದು ಒಡೆದಿತ್ತು. ಅವರು ಆ ಕೈಯಲ್ಲೇ ಬಿಸಿ ಟ್ರೇ ಸರಿಸುತ್ತಿದ್ದರು, ಮುಖ ಒಂದಿಷ್ಟೂ ಕಿವುಚಲಿಲ್ಲ.

ನನ್ನ ಹೆಸರು ಬಂದ ಖುಷಿ ಅಲ್ಲೇ ಸತ್ತಿತು. ಕೈ ಗಟ್ಟಿಯಾಗಿರಲಿಲ್ಲ. ಕೈಗೆ ಗೊತ್ತೇ ಆಗುತ್ತಿರಲಿಲ್ಲ! ಕೋಷ್ಟಕ ನಾಲ್ಕು ವಾರದಿಂದ ಅದನ್ನೇ ಹೇಳುತ್ತಿತ್ತು. ನಾನು ಅಂಕದ ಚಿಂತೆಯಲ್ಲಿ ಅದನ್ನು ಅಳಿಸುತ್ತಾ ಕೂತಿದ್ದೆ. ಗಲ್ಲಾಕ್ಕೆ ಓಡಿ, "ಅತ್ತೆ, ಮಾವನ ಕೈ ನೋಡ್ರಿ" ಎಂದೆ.

ಅತ್ತೆ ಅವರನ್ನು ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರು ಬೆರಳ ತುದಿಗೆ ಸೂಜಿ ತಾಗಿಸಿ, "ಗೊತ್ತಾಗುತ್ತಾ?" ಎಂದು ಕೇಳಿದಾಗ ಮಾವ ಗೋಡೆ ನೋಡುತ್ತಾ, "ಶುರು ಮಾಡ್ರಿ" ಎಂದರಂತೆ. ಚುಚ್ಚಿ ಆಗಿತ್ತು. ಸಕ್ಕರೆ ಕಾಯಿಲೆ ಬಹಳ ದಿನದಿಂದ ಒಳಗೇ ಇತ್ತು, ನರ ಸೋತಿತ್ತು. ಟೀಗೂ ಸಕ್ಕರೆ ಬೇಡ ಎನ್ನುತ್ತಿದ್ದ ಮನುಷ್ಯ!

ಐದನೆಯ ಶನಿವಾರ ಹೋಗಲು ಕಾಲೇ ಬರಲಿಲ್ಲ. ನನ್ನ ಪ್ರಾಜೆಕ್ಟ್ ಅವರ ಕೈಯನ್ನೇ ಕಿತ್ತುಕೊಂಡಿತಲ್ಲ ಎಂದು ಸಂಕಟ. ಆದರೂ ಹೋದೆ. ಮಾವ ಬಲಗೈಗೆ ಬಟ್ಟೆ ಸುತ್ತಿಕೊಂಡು ಸ್ಟೂಲಿನ ಮೇಲೆ ಕೂತಿದ್ದರು. ಭಟ್ಟಿ ಉರಿಯುತ್ತಿತ್ತು. ನಾನು ಪುಸ್ತಕ ಮುಂದಿಟ್ಟು, "ನಾಲ್ಕನೇ ವಾರದ್ದು ಬಿಟ್ಟುಬಿಡ್ಲಾ ಮಾವ?" ಎಂದು ಕೇಳಿದೆ.

"ಯಾಕೆ? ಇದ್ದದ್ದು ಇದ್ದಂಗೆ ಬರಿ. ಹಿಟ್ಟಿನ ಮುಂದೆ ಸುಳ್ಳು ಹೇಳಬಾರ್ದು."

ಆಮೇಲೆ ಸ್ಟೂಲಿನಿಂದ ಎದ್ದರು. ಎಡಗೈಯಿಂದ ನನ್ನ ಮುಂಗೈ ಹಿಡಿದು ಭಟ್ಟಿಯ ಬಾಯಿಗೆ ಒಯ್ದರು. "ಬಾರವ್ವ. ಮುಳ್ಳು ಕೆಟ್ರೆ ಯಾರಾರ ಒಬ್ರಿಗೆ ಗೊತ್ತಿರ್ಬೇಕು. ನೀನು ಕೈ ಹಿಡಿ, ನಾನು ಹೆಸರು ಹೇಳ್ತೀನಿ."

ನಾನು ಮಂಜನಿಗಾಗಿ ಕಾಯುತ್ತಾ ಹಲ್ಲು ಕಚ್ಚಿದೆ.

"ಚಿನ್ನಿ" ಎಂದರು ಮಾವ.

ಎರಡನೆಯ ಹೆಸರು ಬರಲಿಲ್ಲ. ಅಷ್ಟರಲ್ಲೇ ನನ್ನ ಕೈಯನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಂಡಿದ್ದರು.

"ಯಾಕೆ ಮಾವ? ಇನ್ನೂ ಸುಟ್ಟೇ ಇಲ್ಲ!"

ಮಾವ ನನ್ನ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿದರು, ಊದಿದರು.

"ನಿಂಗೆ ಸುಟ್ಟಿಲ್ಲ ಕಣವ್ವ," ಎಂದರು. "ನಂಗೆ ಸುಡ್ತು."