ಹೈಸ್ಕೂಲಿನಲ್ಲಿ ನನ್ನ ಮಾನ ಹೋದ ದಿನಗಳು

ಮೇಷ್ಟ್ರ ಕೆಲಸದಲ್ಲಿ ಮಾನ ಹೋಗುವುದಕ್ಕೆ ದೊಡ್ಡದೇನೂ ಆಗಬೇಕಾಗಿಲ್ಲ. ಎದುರಿಗೆ ಹುಡುಗರು ಕೂತಿದ್ದರೆ ಸಾಕು. ನಾನು ಜಗಳೂರು ಬಿಟ್ಟು ಹೊನ್ನಾಳಿಯ ಗಂಡುಹುಡುಗರ ಹೈಸ್ಕೂಲಿಗೆ ಬಂದಾಗ ಮಹಾರಾಜರ ಆಳ್ವಿಕೆ ಇನ್ನೂ ಇತ್ತು. ಈಗ ಯಾರಾದರೂ ಆ ಸ್ಕೂಲಿನ ಚರಿತ್ರೆ ಕೇಳಿದರೆ ಕಟ್ಟಡ ಯಾವಾಗ ಎದ್ದಿತು, ಗಂಟೆ ಯಾರು ಕೊಟ್ಟರು ಎಂಬುದೊಂದೂ ನೆನಪಿಗೆ ಬರುವುದಿಲ್ಲ. ನಾನು ತಲೆ ತಗ್ಗಿಸಿ ನಿಂತ ದಿನಗಳು ಮಾತ್ರ ಬರುತ್ತವೆ.

ಎರವಲು ಪೇಟ

ಆಗ ಪೇಟವಿಲ್ಲದೆ ಮೇಷ್ಟ್ರು ಕ್ಲಾಸಿಗೆ ಕಾಲಿಡುವಂತಿರಲಿಲ್ಲ. ಇನ್‌ಸ್ಪೆಕ್ಟರ್ ಸಾಹೇಬರು ಬರುವ ದಿನ ಬೆಳಿಗ್ಗೆ ನೋಡಿದರೆ, ಒಗೆದು ಒಣಹಾಕಿದ್ದ ನನ್ನ ಪೇಟ ಇನ್ನೂ ಹಸಿ. ಪಕ್ಕದ ಮನೆಯವರು ಮದುವೆಗಳಿಗೆ ಹೋಗುವ ಬ್ಯಾಂಡಿನ ಯಜಮಾನರು. ತಮ್ಮ ಜರಿಪೇಟವನ್ನೇ ಎತ್ತಿಕೊಟ್ಟು, "ತಗೊಂಡು ಹೋಗ್ರಿ ಮೇಷ್ಟ್ರೆ, ಇವತ್ತು ಯಾರ ಮದುವೆನೂ ಇಲ್ಲ" ಅಂದರು.

ಪಾಠ ಮುಗಿಯುವವರೆಗೂ ಸಾಹೇಬರು ನನ್ನ ಮೇಲಿಟ್ಟ ಕಣ್ಣು ತೆಗೆಯಲಿಲ್ಲ. ಪಾಠ ಹಿಡಿಸಿತು ಎಂದುಕೊಂಡು ಇನ್ನಷ್ಟು ಉಬ್ಬಿ ಓದಿದೆ. ಕೊನೆಗೆ ಹತ್ತಿರ ಬಂದು ಹುಡುಗರಿಗೆಲ್ಲ ಕೇಳುವಂತೆ ಅಂದರು:

"ಪಾಠ ಚೆನ್ನಾಗಿತ್ತು. ನಮ್ಮ ಮಗಳ ಮದುವೆಯಲ್ಲಿ ಕ್ಲಾರಿಯೊನೆಟ್ ಊದಿದವರು ನೀವೇ ಅಲ್ಲವೆ? ಎರಡೂ ಕೆಲಸ ಹೇಗೆ ಸಂಭಾಳಿಸುತ್ತೀರಿ?"

ಹೊಳೆಯ ಕಡೆ ಡ್ರಿಲ್

ಡ್ರಿಲ್ ಮೇಷ್ಟ್ರಿಗೆ ಜ್ವರ ಬಂದು, ಹುಡುಗರನ್ನು ನಡೆಸುವ ಕೆಲಸ ನನ್ನ ತಲೆಗೆ ಬಂತು. ನಾನೂ ಗತ್ತಿನಿಂದ, "ಇಲ್ಲಿ ಅಪ್ಪಣೆಯೆಲ್ಲ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಯಾರು ಏನು ಕೂಗಿದರೂ ಕಿವಿಗೆ ಹಾಕಿಕೊಳ್ಳಬಾರದು" ಎಂದು ಹೇಳಿ "ಕ್ವಿಕ್ ಮಾರ್ಚ್" ಅಂದೆ.

ಹೊರಟರು. ಮೈದಾನ ದಾಟಿದರೆ ತುಂಗಭದ್ರೆ. ನಿಲ್ಲಿಸುವ ಶಬ್ದ ನನ್ನ ಬಾಯಿಗೆ ಬರಲೇ ಇಲ್ಲ. "ನಿಲ್ರೋ, ನಿಲ್ರಪ್ಪಾ" ಎಂದು ಕೂಗುತ್ತ ಪಂಚೆ ಎತ್ತಿಕೊಂಡು ಹಿಂದೆ ಓಡಿದೆ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಎದ್ದು ದಾರಿ ಬಿಟ್ಟರು. ಮುಂದಿನ ಸಾಲು ಮೊಳಕಾಲುದ್ದ ನೀರಿಗೆ ಇಳಿದ ಮೇಲೆ ನನಗೆ "ಹಾಲ್ಟ್" ನೆನಪಾಯಿತು. ನಿಂತರು.

"ನಾನು ಕೂಗಿದ್ದು ಕೇಳಿಸಲಿಲ್ಲವೇನ್ರೋ?"

ಸವಳಂಗದಿಂದ ಬಂದಿದ್ದ ಹುಡುಗ ನೀರಿನಲ್ಲೇ ನೆಟ್ಟಗೆ ನಿಂತು ಹೇಳಿದ: "ಕೇಳಿಸ್ತು ಸಾರ್. ಕನ್ನಡದಾಗಿತ್ತು, ಅದಕ್ಕೆ ಬಿಟ್ವಿ."

ಗಂಡುಹುಡುಗರ ನಡುವೆ ಒಬ್ಬಳು

ಹೆಣ್ಣುಮಕ್ಕಳಿಗೆ ಬೇರೆ ಹೈಸ್ಕೂಲು ಇರಲಿಲ್ಲ. ಜವಳಿ ಅಂಗಡಿ ಸಾಹೇಬರೊಬ್ಬರು ಹೆಡ್‌ಮಾಸ್ತರರನ್ನು ಒಪ್ಪಿಸಿ ಮಗಳನ್ನು ನಮ್ಮಲ್ಲೇ ಸೇರಿಸಿದರು. ಗೋಡೆಯ ಪಕ್ಕ ಅವಳಿಗೊಂದು ಬೆಂಚು. ನನಗೋ ವಿಪರೀತ ಸಂಕೋಚ. ಆ ಕಡೆ ಕಣ್ಣೆತ್ತಿ ನೋಡುವುದಕ್ಕೇ ಆಗುತ್ತಿರಲಿಲ್ಲ.

ಒಂದು ದಿನ ಸಾಹೇಬರು ಹೆಡ್‌ಮಾಸ್ತರರ ಕೋಣೆಗೆ ಬಂದು ಕೂತರು. ನನ್ನನ್ನೂ ಕರೆಸಿದರು. "ನಮ್ಮ ಹುಡುಗಿಗೆ ನೀವು ಒಂದು ಪ್ರಶ್ನೆನೂ ಕೇಳಲ್ವಂತೆ. ಓದಾಕೆ ಬರಲ್ಲ ಅಂತ ತಿಳ್ಕೊಂಡಿದ್ರೆ ಹೇಳಿಬಿಡ್ರಿ, ಇವತ್ತೇ ಬಿಡಿಸ್ತೀನಿ."

ಹೆಡ್‌ಮಾಸ್ತರರು ಅವಳನ್ನೇ ಕರೆಸಿದರು. "ಮೇಷ್ಟ್ರು ನಿನ್ನ ಏನೂ ಕೇಳಲ್ವೇನಮ್ಮ?"

"ಇಲ್ಲ ಸಾರ್. ನನ್ನ ಸರದಿ ಬಂದಾಗ ಗೋಡೆನ ಕೇಳ್ತಾರೆ."

"ಆಗ ನೀನೇನು ಮಾಡ್ತೀಯ?"

"ಗೋಡೆಗೆ ಗೊತ್ತಿಲ್ಲದಿದ್ರೆ ನಾನು ಹೇಳ್ತೀನಿ."

ಸಾಹೇಬರಿಗೆ ನಗು ತಡೆಯಲಾಗಲಿಲ್ಲ. "ಇರ್ಲಿ ಬಿಡ್ರಿ, ಓದ್ಲಿ" ಎಂದು ಎದ್ದರು. ನಾನು ಬಾಗಿಲು ಯಾವ ಕಡೆ ಇದೆ ಎಂದು ಹುಡುಕುತ್ತಿದ್ದೆ.

ಮಾರನೆಯ ದಿನ ಮನಸ್ಸು ಗಟ್ಟಿ ಮಾಡಿಕೊಂಡು, ಅವಳ ಕಡೆ ತಿರುಗಿ, ಮುಖ ನೋಡಿಯೇ ಪ್ರಶ್ನೆ ಕೇಳಿದೆ. ಅವಳು ಉತ್ತರಕ್ಕೆ ಎದ್ದು ನಿಲ್ಲುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಂದು ದನಿ ಬಂತು:

"ಸಾರ್, ಇವತ್ತು ಗೋಡೆ ಆಬ್ಸೆಂಟಾ?"